ಗೋಣಿಗೆ ಒಂದು ಕಿಲೊ

ಇಲ್ಲಿ ಎಲ್ಲರೂ ನನ್ನನ್ನು ರೈಟರ್ ಎನ್ನುತ್ತಾರೆ.
ಬರೆಯುವುದು ಇಷ್ಟೇ: ಹೆಸರು, ಹಾಜರಿ, ಹಣ್ಣಿನ ತೂಕ.
ಹನ್ನೆರಡು ವರ್ಷದಲ್ಲಿ ಒಂದು ಸಾಲಿಗೂ
ಕ್ರಿಯಾಪದ ಬೇಕಾಗಿಲ್ಲ.

ಭಾನುವಾರ ಸಿದ್ದಾಪುರದ ಸಂತೆ ಮುಗಿಸಿ
ಒಣಮೀನಿನ ಪೊಟ್ಟಣ ಲೈಬ್ರರಿಯ ಬಾಗಿಲ ಹೊರಗಿಟ್ಟು
ಒಳಗೆ ಹೋಗಿ ತಂದದ್ದು ಅದು.
"ಇದನ್ನಾ?" ಎಂದಳು ಹಫ್ಸತ್, ಮುದ್ರೆ ಒತ್ತುತ್ತ.
"ಹೋದ ಸಲ ಒಯ್ದವರು ಅರ್ಧಕ್ಕೇ ತಂದುಕೊಟ್ಟರು.
ಹರಿದಿದೆಯಾ ಅಂದೆ. ಇಲ್ಲ, ಚೆನ್ನಾಗಿದೆ ಅಂದರು,
ಅದಕ್ಕೇ ಅಂದರು."

ಕಥೆಯಲ್ಲಿ ಏನೂ ಆಗುವುದಿಲ್ಲ.
ಒಬ್ಬ ಮನುಷ್ಯ, ತಾನು ಒಳ್ಳೆಯವನೆಂದು
ಇನ್ನೂರ ಹದಿನಾರು ಪುಟ ಹೇಳುತ್ತಾನೆ.
ಎಲ್ಲೂ ಸುಳ್ಳಿಲ್ಲ. ಪ್ರತಿಯೊಂದಕ್ಕೂ ರಸೀದಿ ಇಟ್ಟಿದ್ದಾನೆ.
ನೂರನೆಯ ಪುಟದ ಹೊತ್ತಿಗೆ ಅವನೆದುರು ಕೂತು
ಒಂದು ಲೋಟ ಕಾಫಿ ಕುಡಿಯಲೂ ಮನಸ್ಸಾಗುವುದಿಲ್ಲ.
ಯಾಕೆಂದು ಬರೆದವನು ಹೇಳುವುದಿಲ್ಲ.

ರಾತ್ರಿ ಕರೆಂಟಿಲ್ಲ. ಕೆರೆಯ ಕಡೆ
ಎರಡು ಸಲ ಪಟಾಕಿ ಸಿಡಿಯಿತು.
ಆನೆ ಬಂದಿದೆ, ಅಥವಾ ಬಂದಿಲ್ಲ;
ಪಟಾಕಿಗೆ ಎರಡೂ ಒಂದೇ.
ಮೊಬೈಲ್ ಬೆಳಕು ಪುಟದ ಮೇಲೆ, ಕಿವಿ ಹಲಸಿನ ಮರದ ಮೇಲೆ.
ಆನೆಗಾದರೆ ಬಾಗಿಲು ಹಾಕಬಹುದು.
ಈ ಮನುಷ್ಯ ಬೇಲಿ ಮುರಿಯದೆ ಬಂದ,
ಚಾಪೆಗೆ ಕಾಲು ಒರೆಸಿ, ನನ್ನ ಕುರ್ಚಿಯಲ್ಲೇ ಕೂತು
"ನಿಯಮ ನಾನು ಮಾಡಿದ್ದಲ್ಲ" ಎಂದ.
ಆ ಮಾತು ನನ್ನ ಬಾಯಿಯ ಅಳತೆಗೇ ಹೊಲಿದಂತಿತ್ತು.

ಜೊತೆಗೆ ತಂದ ಇನ್ನೊಂದು, ತೆಳ್ಳಗಿನದು, ತತ್ತ್ವದ್ದು.
ವಾರಕ್ಕೆ ಮೂರು ಪುಟ ಸಾಗಿತು.
ತಕ್ಕಡಿಯನ್ನು ಯಾವ ತಕ್ಕಡಿಯಲ್ಲಿ ತೂಗುವುದು
ಎಂಬಲ್ಲಿ ಪಗಾರದ ಚೀಟಿ ಇಟ್ಟು ಮುಚ್ಚಿದೆ.
ವರ್ಷಕ್ಕೊಮ್ಮೆ ಇಲಾಖೆಯವರು ಬಂದು
ಮೊಹರು ಹಾಕಿ ಹೋಗುತ್ತಾರಲ್ಲ, ಎಂದುಕೊಂಡೆ.
ಪುಸ್ತಕಕ್ಕೆ ಈ ಉತ್ತರ ಮೊದಲೇ ಗೊತ್ತಿದ್ದಂತಿತ್ತು.

ಸಂಜೆ ನಾಲ್ಕು, ಕಣದಲ್ಲಿ ಸಾಲು.
ರೊಬಸ್ಟಾ ಹಣ್ಣಿನ ಹುಳಿ ವಾಸನೆ,
ಕೆಂಪಿರುವೆ ಕಚ್ಚಿ ಊದಿದ ಕೈಗಳು.
ಮಾಚಿಯ ಮೂಟೆ ಐವತ್ತೆರಡು. ಬರೆದದ್ದು ಐವತ್ತೊಂದು.
ಗೋಣಿಗೆ ಒಂದು ಕಿಲೊ.
ಇದು ನನಗಿಂತ ಹಿಂದಿನದು,
ನನಗೆ ಕೆಲಸ ಕಲಿಸಿದ ಚೀಯಣ್ಣನಿಗಿಂತಲೂ ಹಿಂದಿನದು.

ಎಲ್ಲರೂ ಹೋದ ಮೇಲೆ
ಖಾಲಿ ಗೋಣಿಯೊಂದನ್ನು ತಕ್ಕಡಿಗೆ ಹಾಕಿದೆ.
ಇಷ್ಟು ವರ್ಷ ಯಾಕೆ ಹಾಕಿರಲಿಲ್ಲ?
ಹಾಕಬೇಡವೆಂದು ಯಾರೂ ಹೇಳಿರಲಿಲ್ಲ.
ಆರು ನೂರ ಐವತ್ತು ಗ್ರಾಂ.
ನ್ಯಾಯಕ್ಕೆಂದು, ಮಂಜು ಕುಡಿದ ಇನ್ನೊಂದನ್ನೂ ಹಾಕಿದೆ:
ಏಳು ನೂರ ಇಪ್ಪತ್ತು.

ಕಾದಂಬರಿಯ ಕೊನೆಯ ಖಾಲಿ ಹಾಳೆಯಲ್ಲಿ
ಪೆನ್ಸಿಲ್ ತಾನಾಗಿ ಶುರುಮಾಡಿತು.
ಒಂದು ಮೂಟೆಗೆ ಇಷ್ಟು, ಒಂದು ದಿನಕ್ಕೆ,
ಒಂದು ಕೊಯ್ಲಿಗೆ, ಹನ್ನೆರಡು
ಕೊಯ್ಲಿಗೆ ಎನ್ನುವಷ್ಟರಲ್ಲಿ ರಬ್ಬರ್ ಹುಡುಕಿದೆ.
ಅಳಿಸಿದ ಜಾಗ ಉಳಿದ ಹಾಳೆಗಿಂತ ಬಿಳಿ.

ಮರುದಿನ ಮಾಚಿ ಮೇಜಿನ ಮೇಲೆ ಕಣ್ಣು ಹಾಯಿಸಿ,
"ಅದೇನು, ಕಥೆಯಾ ರೈಟರೇ?"
ಹೌದು.
"ಯಾರು ಸಾಯ್ತಾರೆ?"
ಯಾರೂ ಇಲ್ಲ.
"ಮತ್ತೆ ಯಾಕೆ ಮುಖ ಹಾಗೆ?"

ಅವಳ ಮೂಟೆ ನಲವತ್ತೊಂಬತ್ತು.
ಕಾಲಮ್ಮು ಸಣ್ಣದು, ದಶಾಂಶಕ್ಕೆ ಜಾಗವಿಲ್ಲ.
ಹಿಂದೆ ಹದಿನೇಳು ಜನ. ಲಾರಿಯ ಎಂಜಿನ್ ಆರಿಸಿರಲಿಲ್ಲ.
ನಲವತ್ತೊಂಬತ್ತೇ ಬರೆದೆ.
ಅವಳು ಓದಲಾರಳು; ಆದರೂ ಪೆನ್ನನ್ನೇ ನೋಡುತ್ತಿದ್ದಳು.
ಮುಂದಿನವಳ ತೂಕ ಕೂಗಿದರು.
ಹಳೆಯ ಕೈ. ಒಂದು ಕಳೆದೇಬಿಟ್ಟಿತು.

ಇನ್ನು ಹನ್ನೊಂದು ಪುಟ ಉಳಿದಿವೆ.
ಓದಿಲ್ಲ, ವಾಪಸೂ ಕೊಟ್ಟಿಲ್ಲ.
ಅವಧಿ ಮುಗಿದು ಇವತ್ತಿಗೆ ಒಂಬತ್ತು ದಿನ,
ದಿನಕ್ಕೆ ಇಪ್ಪತ್ತೈದು ಪೈಸೆ ದಂಡ.
ಎರಡು ರೂಪಾಯಿ ಇಪ್ಪತ್ತೈದು.
ಇದೊಂದು ಲೆಕ್ಕದಲ್ಲಿ
ಒಂದು ಪೈಸೆಯೂ ಹೆಚ್ಚುಕಡಿಮೆಯಿಲ್ಲ.